ದನದ ದವಾಖಾನೆಯ ನೈಟ್ರೋಜನ್

ನಮ್ಮ ಊರಿನ ಹೆಸರು ನಾನು ಹೇಳುವುದಿಲ್ಲ. ಜಮಖಂಡಿಯಲ್ಲಿ ಸಾವಳಗಿಯ ಬಸ್ಸು ಹತ್ತಿದರೆ ನಡುವೆ ಎಲ್ಲೋ ಬರುತ್ತದೆ, ಅಷ್ಟು ಗೊತ್ತಿದ್ದರೆ ಸಾಕು. ಊರಿನ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಹೆಸರು ಹೇಳಿದರೆ ಇದನ್ನು ಓದಿದವರಲ್ಲಿ ಯಾವನೋ ಒಬ್ಬ ಬಸ್ಸಿನ ಕಿಟಕಿಯಿಂದ ತಲೆ ಹೊರಗೆ ಹಾಕಿ, “ಕುಕ್ಕರಿನ ಪರಮಾನಂದನ ಮನಿ ಎಲ್ಲಿ ಬರತೈತ್ರೀ?” ಎಂದು ಕೇಳಿಯೇ ಕೇಳುತ್ತಾನೆ. ನಮ್ಮವರು ಮನೆತನಕ ಅವನನ್ನು ಕರೆದುಕೊಂಡು ಬಂದು, ಮೊದಲಿನಿಂದ ಕೊನೆಯತನಕ ಕಥೆ ಹೇಳಿ, ನನ್ನದೇ ಮನೆಯಲ್ಲಿ ಚಹಾ ಕುಡಿದು ಹೋಗುತ್ತಾರೆ. ಆದ್ದರಿಂದ ಹೆಸರು ಬೇಡ.

ನಾನು ದನದ ದವಾಖಾನೆಯಲ್ಲಿ ಸಿಪಾಯಿ. ಎಮ್ಮೆ ಮೇವು ಬಿಟ್ಟು ನಿಂತಾಗ ಮಂದಿ ನನ್ನನ್ನು “ಡಾಕ್ಟ್ರ” ಎನ್ನುತ್ತಾರೆ. ಎಮ್ಮೆ ಗುಣವಾದ ಮರುದಿನ “ಪರಮ್ಯಾ” ಎನ್ನುತ್ತಾರೆ. ನಮ್ಮ ಡಾಕ್ಟರು ವೈಶಾಲಿ ಮೇಡಮ್ಮು. ಅವರು ಕೆಲಸ ಮಾಡುವಾಗ ನಾನು ದನದ ಬಾಲ ಹಿಡಿಯಬೇಕು, ಕಸ ಹೊಡೆಯಬೇಕು, ಮತ್ತು ಕ್ಯಾನು ಕಾಯಬೇಕು. ಈ ಮೂರರಲ್ಲಿ ಹೇಳಿಕೊಳ್ಳುವಂಥ ಕೆಲಸ ಕ್ಯಾನಿನದು ಒಂದೇ.

ಕ್ಯಾನು ಎಂದರೆ ಹಾಲಿನ ಕ್ಯಾನಲ್ಲ. ಮೊಣಕಾಲೆತ್ತರದ್ದು, ಒಳಗೆ ನೀರಿನಂತೆ ಕಾಣುವ ನೈಟ್ರೋಜನ್. ಅದರ ಥಂಡಿಯ ಮುಂದೆ ಮಂಜುಗಡ್ಡೆ ಬಿಸಿ ಎನ್ನಬೇಕು. ಆ ಥಂಡಿಯಲ್ಲಿ ಒಳ್ಳೆಯ ತಳಿಯ ಕೋಣಗಳ ವೀರ್ಯವನ್ನು ಸಣ್ಣ ಸಣ್ಣ ಕಡ್ಡಿಗಳಲ್ಲಿ ತುಂಬಿ ಇಟ್ಟಿರುತ್ತಾರೆ. ಎಮ್ಮೆ ಬೆದೆಗೆ ಬಂದ ದಿನ ಮೇಡಮ್ಮು ಒಂದು ಕಡ್ಡಿ ತೆಗೆದು ಹಾಕುತ್ತಾರೆ. ನೈಟ್ರೋಜನ್ ಆರಿಹೋದರೆ ಒಳಗಿನ ಕಡ್ಡಿಗಳೆಲ್ಲ ಸತ್ತ ಹಾಗೆ. ಅದು ಆರಬಾರದೆಂದು ಕ್ಯಾನಿನ ಬಾಯಿಗೆ ಗೇಣುದ್ದದ ಬೆಂಡಿನ ಬಿರಡಿ ಇದೆ. ಬಿರಡಿ ತೆಗೆದರೆ ಬಿಳೀ ಹೊಗೆ ಏಳುತ್ತದೆ, ಸುತ್ತ ನಿಂತವರು ಎರಡು ಹೆಜ್ಜೆ ಹಿಂದೆ ಸರಿಯುತ್ತಾರೆ. ಆಗ ನಾನು ಕಟ್ಟಿಗೆಯ ಅಳತೆಕೋಲನ್ನು ಒಳಗೆ ಬಿಟ್ಟು, ತೆಗೆದು, ಹುಬ್ಬು ಗಂಟು ಹಾಕಿಕೊಂಡು ನೋಡುತ್ತೇನೆ. ಇಡೀ ದಿನದಲ್ಲಿ ನನಗೆ ಮರ್ಯಾದೆ ಸಿಗುವುದು ಆ ಒಂದು ನಿಮಿಷ.

ನಮ್ಮ ಓಣಿಯಲ್ಲಿ ನಾಲ್ಕು ಮನೆ ಆಚೆಗೆ ಶಂಕ್ರೆವ್ವ ಇದ್ದಾಳೆ. ಗಂಡ ತೀರಿಕೊಂಡು ಹನ್ನೆರಡು ವರ್ಷವಾಯಿತು. ಅವಳಿಗಿರುವುದು ಒಂದು ಎಮ್ಮೆ, ರತ್ನಿ. ಪಂಢರಪುರಿ ತಳಿ, ಕೋಡು ಬೆನ್ನಿನ ತನಕ ಹೋಗಿವೆ. ಶಂಕ್ರೆವ್ವನ ಒಲೆ ಉರಿಯುವುದು ಅದರ ಹಾಲಿನ ಮೇಲೆ. ಎರಡು ಸಲ ಕಡ್ಡಿ ಹಾಕಿದರೂ ರತ್ನಿಗೆ ಗಬ್ಬ ನಿಂತಿರಲಿಲ್ಲ. ಹಾಲು ಬತ್ತುತ್ತ ಬತ್ತುತ್ತ ಹೊತ್ತಿಗೆ ಒಂದು ತಂಬಿಗೆಗೆ ಬಂದಿತ್ತು. ಗಲಗಲಿಯಿಂದ ಬಂದಿದ್ದ ಅವಳ ತಂಗಿಯ ಮಗ, “ಗೊಡ್ಡ ಎಮ್ಮಿ ಕಟಗೊಂಡು ಏನ್ ಮಾಡ್ತಿ? ಸಂತಿಗೆ ಹೊಡಿ” ಎಂದು ಹೇಳಿಹೋಗಿದ್ದ. ಹಾಲಿಲ್ಲದ ಎಮ್ಮೆಯನ್ನು ಸಂತೆಯಲ್ಲಿ ಯಾರು ಕೊಳ್ಳುತ್ತಾರೆ ಎಂಬುದು ಊರಿಗೆಲ್ಲ ಗೊತ್ತು.

“ಇದೊಂದ ಸಲ ನೋಡ್ತೇನೋ ತಮ್ಮಾ,” ಎಂದಳು ಶಂಕ್ರೆವ್ವ, ನಮ್ಮ ಮನೆಗೆ ಹಾಲು ಹಾಕುತ್ತ. “ಈಗೂ ನಿಂದರಲಿಲ್ಲಂದ್ರ ಸಂತಿಗೆ ಹೊಡಿಯೂದ. ನನ್ನ ರತ್ನಿಗೆ ಒಂದ ಛಲೋ ಕಡ್ಡಿ ತೆಗೆದಿಡೋ.”

“ಯವ್ವಾ, ಮೇಡಮ್ಮು ತೆಗೆದಿಟ್ಟಾರ. ಮುರ್ರಾ ತಳಿ ಕೋಣಂದು. ಕ್ಯಾನ್ ನನ್ನ ಕೈಯಾಗ ಐತಿ, ನೀ ಚಿಂತಿ ಬಿಡು,” ಎಂದೆ ನಾನು. ಹೌದು, ಇದೇ ಬಾಯಿಯಿಂದ ಅಂದೆ.

ಶುಕ್ರವಾರ ಸಂಜೆ ಕಲ್ಮೇಶನ ಪಂಕ್ಚರ್ ಅಂಗಡಿಯ ಮುಂದೆ ನಾಲ್ಕು ಮಂದಿ ಕೂತಿದ್ದೆವು. ಕಲ್ಮೇಶ ನನ್ನ ಶಾಲೆಯ ಗೆಳೆಯ. ನನ್ನ ಹೆಂಡತಿಯ ತಮ್ಮ ಅಜಯ ರಬಕವಿಯಿಂದ ಬೈಕು ತಂದಿದ್ದ. ಅಲ್ಲಿ ಮಗ್ಗ ನಡೆಸುತ್ತಾನೆ. ಭಾನುವಾರ ಬನಹಟ್ಟಿಯ ಹೊರಗೆ ಬೀಳು ಹೊಲದಲ್ಲಿ ಬೈಕಿನ ಶರ್ಯತ್ತು, ಅವನೂ ಹೆಸರು ಕೊಟ್ಟಿದ್ದ. ಕಲ್ಮೇಶ ಟೈರು ಬಿಗಿಯುತ್ತ ತನ್ನ ಜ್ಞಾನ ಹಂಚುತ್ತಿದ್ದ.

“ದೊಡ್ಡ ದೊಡ್ಡ ರೇಸಿನ್ಯಾಗ ಟೈರಿಗೆ ಹವಾ ಹಾಕೂದಿಲ್ಲಪಾ. ನೈಟ್ರೋಜನ್ ಹಾಕತಾರ. ಹವಾದಾಗ ನೀರಿನ ಪಸಿ ಇರತೈತಿ. ಟೈರ್ ಕಾಯ್ದಂಗ ಅದು ಉಬ್ಬತೈತಿ, ಹಿಡಿತ ತಪ್ಪತೈತಿ. ನೈಟ್ರೋಜನ್ ಒಣಾ ಇರತೈತಿ. ಎಷ್ಟ ಓಡಸು, ಅಳತಿ ಮಾತ್ರ ಕೆಡೂದಿಲ್ಲ.”

“ಅದು ಎಲ್ಲಿ ಸಿಗತೈತ್ರಿ?” ಎಂದ ಅಜಯ.

“ಇಲ್ಲೆಲ್ಲಿ ಸಿಗಬೇಕು? ಬೆಳಗಾವಿಗೆ ಹೋಗಬೇಕು.”

ನಾನು ಚಹಾ ಕುಡಿದು ಎದ್ದು ಹೋಗಬಹುದಾಗಿತ್ತು. ಏಳುವವನೂ ಇದ್ದೆ. ಅಷ್ಟರಲ್ಲಿ ಪಂಚಾಯಿತಿಯ ಮಾಜಿ ಮೆಂಬರು ಶಿದ್ರಾಮಪ್ಪ ನನ್ನ ಕಡೆ ನೋಡಿ, “ಪರಮ್ಯಾ, ನೀ ಏನ್ ಬಾಯಿ ತೆರಕೊಂಡ ಕೇಳಾಕತ್ತಿ? ನಿನಗ ಎಮ್ಮಿ ಬಾಲ ಬಿಟ್ರ ಏನ್ ತಿಳಿತೈತಿ?” ಎಂದ. ಎಲ್ಲರೂ ನಕ್ಕರು. ಅಜಯನೂ ನಕ್ಕ. ಹೆಂಡತಿಯ ತಮ್ಮ ನಕ್ಕರೆ ಗಂಡಸಿಗೆ ಎಲ್ಲಿ ಚುಚ್ಚುತ್ತದೆ ಎಂದು ನಾನು ಬಿಡಿಸಿ ಹೇಳಬೇಕಾಗಿಲ್ಲ.

“ನೈಟ್ರೋಜನ್ನಾ?” ಎಂದೆ, ಆಕಳಿಸಿದ ಹಾಗೆ ಮಾಡಿ. “ಅದನ್ನ ನಾ ದಿನಾ ಅಳಿತೇನಲ್ಲ. ನಮ್ಮ ದವಾಖಾನ್ಯಾಗ ಕ್ಯಾನ್ ತುಂಬ ಬಿದ್ದೈತಿ.”

ಕಲ್ಮೇಶನ ಕೈಯಲ್ಲಿದ್ದ ನಟ್ಟು ಬಿಗಿಯುವ ಪಾನಾ ನೆಲಕ್ಕೆ ಬಿತ್ತು. ಅಜಯ ಎದ್ದು ಬಂದು ನನ್ನ ಪಕ್ಕದಲ್ಲಿ ಕೂತ. “ಮಾಮಾರ, ಖರೇನ?” ಎಂದ. ಲಗ್ನವಾಗಿ ಹದಿನಾರು ವರ್ಷದಲ್ಲಿ ಅವನು ನನ್ನ ಪಕ್ಕಕ್ಕೆ ತಾನಾಗಿ ಬಂದು ಕೂತಿದ್ದು ಅದೇ ಮೊದಲು. ಕ್ಯಾನಿನಲ್ಲಿದ್ದುದು ತುಂಬ ಅಲ್ಲ, ಅರ್ಧಕ್ಕಿಂತ ಕಡಿಮೆ, ಹೊಸ ನೈಟ್ರೋಜನ್ ಬರುವುದು ಸೋಮವಾರ ಎಂದು ನಾನು ಆಗ ಹೇಳಬೇಕಾಗಿತ್ತು. ಹೇಳಲಿಲ್ಲ. “ನಾಳೆ ಮೇಡಮ್ಮು ಮೀಟಿಂಗಿಗೆ ಜಮಖಂಡಿಗೆ ಹೋಗತಾರ. ಗಾಡಿ ತಗೊಂಡ ಬಾ,” ಎಂದೆ.

ಶನಿವಾರ ಮಧ್ಯಾಹ್ನ ಮೇಡಮ್ಮಿನ ಸ್ಕೂಟಿ ತಿರುವು ದಾಟಿತೋ ಇಲ್ಲವೋ, ಅಜಯನ ಬೈಕು ದವಾಖಾನೆಯ ಒಳಗೆ ಬಂತು. ಕಲ್ಮೇಶ ಕೈಪಂಪು ತಂದಿದ್ದ. ಗುಟ್ಟಾಗಿ ಮಾಡಬೇಕಾದ ಕೆಲಸವಾದ್ದರಿಂದ ಹದಿನೈದಿಪ್ಪತ್ತು ಮಂದಿ ಮಾತ್ರ ಸೇರಿದ್ದರು. ನಾನು ಬಿರಡಿ ತೆಗೆದೆ, ಹೊಗೆ ಎದ್ದಿತು. ಕಲ್ಮೇಶ ಪಂಪಿನ ಬುಡವನ್ನು ಹೊಗೆಯಲ್ಲಿ ಹಿಡಿದು ಎರಡು ಸಲ ಎಳೆದ. ಮೂರನೆಯ ಸಲಕ್ಕೆ ಒಳಗಿನ ಚರ್ಮದ ವಾಷರು ಹಪ್ಪಳದ ಹಾಗೆ ಚಟ್ ಎಂದು ಮುರಿಯಿತು.

“ಇದು ಪಂಪಿನ ಕೆಲಸ ಅಲ್ಲ,” ಎಂದ ಕಲ್ಮೇಶ, ತಲೆ ಕೆರೆಯುತ್ತ. “ಇದಕ್ಕ ತಾನ ಉಬ್ಬೂ ಗುಣ ಐತಿ. ಬಾಯಿ ಬಿಗಿ ಇರೂದ್ರಾಗ ಹಾಕಿದ್ರ ತಾನ ನುಗ್ಗತೈತಿ. ಕುಕ್ಕರ್ ಇದ್ರ ಆಗತಿತ್ತು ನೋಡು.”

ಎಲ್ಲರೂ ನನ್ನ ಕಡೆ ನೋಡಿದರು. ನಾನು ಮನೆಗೆ ಹೋದೆ. ನನ್ನ ಹೆಂಡತಿ ಪ್ರತಿಮಾ ರೊಟ್ಟಿ ಬಡಿಯುತ್ತಿದ್ದಳು.

“ಕುಕ್ಕರ್ ಕೊಡು.”

“ದವಾಖಾನ್ಯಾಗ ಕುಕ್ಕರ್ ಯಾಕ್ರಿ?”

“ಸರಕಾರಿ ಕೆಲಸ.”

“ಸರಕಾರದ ಮನ್ಯಾಗ ಕುಕ್ಕರ್ ಇಲ್ಲೇನ್ರಿ? ಅದು ನನ್ನ ತವರಮನಿಯವರು ಕೊಟ್ಟದ್ದು. ನೋಡ್ರಿ, ಒಂದ ಗೆರಿ ಬಿದ್ರೂ ನಾ ಸುಮ್ನಿರೂದಿಲ್ಲ.”

“ಕೊಟ್ಟವರ ಮಗನ ಕೆಲಸಕ್ಕ ಒಯ್ಯಾಕತ್ತೇನಿ,” ಎಂದೆ. ಅದು ಮಾತ್ರ ಸುಳ್ಳಾಗಿರಲಿಲ್ಲ.

ಮುಂದೆ ನಡೆದದ್ದನ್ನು ನೋಡಿದವರು ಈಗಲೂ ಹೇಳುತ್ತಾರೆ. ಕುಕ್ಕರಿನ ಒಳಗಿನ ಡಬ್ಬಿ ತೆಗೆದು ಪಕ್ಕಕ್ಕಿಟ್ಟೆ. ಬಿರಡಿಯನ್ನು ನೆಲಕ್ಕೆ ಇಡಬಾರದು, ಹೊಲಸಾಗುತ್ತದೆ ಎಂದು ಮೇಡಮ್ಮು ಸದಾ ಹೇಳುತ್ತಿದ್ದರು. ಆದ್ದರಿಂದ ಬಹಳ ಜವಾಬ್ದಾರಿಯಿಂದ ಬಿರಡಿಯನ್ನು ಆ ಡಬ್ಬಿಯೊಳಗೆ ಇಟ್ಟೆ. ಕ್ಯಾನು ಎತ್ತಿ ಕುಕ್ಕರಿಗೆ ಬಗ್ಗಿಸಿದೆ. ಕುಕ್ಕರು ಬೆಳ್ಳಗೆ ಹಿಮ ಹಿಡಿಯಿತು. ಮುಚ್ಚಳ ಹಾಕಿ ಸೀಟಿ ಇಟ್ಟದ್ದೇ ತಡ, ಒಲೆಯಿಲ್ಲದೆ ಬೆಂಕಿಯಿಲ್ಲದೆ ಕುಕ್ಕರು ಸೀಟಿ ಹೊಡೆಯಿತು! ಒಂದಲ್ಲ, ಐದು ಸೀಟಿ. ಕಟ್ಟೆಯ ಮೇಲೆ ಇಸ್ಪೀಟು ಆಡುತ್ತಿದ್ದವರೂ ಓಡಿಬಂದರು. ದನದ ದವಾಖಾನೆಯಲ್ಲಿ ಊಟದ ವ್ಯವಸ್ಥೆ ಇದೆಯೆಂದು ಇಬ್ಬರು ತಟ್ಟೆಯನ್ನೇ ತಂದಿದ್ದರು.

ಸೀಟಿ ತೆಗೆದು ಅಲ್ಲಿಗೆ ರಬ್ಬರಿನ ನಳಿಗೆ ಸಿಕ್ಕಿಸಿ ಮುಂದಿನ ಗಾಲಿಗೆ ಕೊಟ್ಟೆವು. ಕಲ್ಮೇಶ ಟೈರು ಒತ್ತಿ ನೋಡಿ “ಕಲ್ಲಾತು!” ಎಂದ. ಮಂದಿ ಚಪ್ಪಾಳೆ ಹೊಡೆದರು. ಹಿಂದಿನ ಗಾಲಿಗೆಂದು ಮತ್ತೊಂದು ಸಲ ಕ್ಯಾನು ಬಗ್ಗಿಸಿದೆ. ಈ ಸಲ ಕುಕ್ಕರಿನ ರಬ್ಬರು ಬಿಸ್ಕೀಟಿನಂತೆ ತುಂಡಾಗಿ, ಮುಚ್ಚಳ ಹಾರಿ, ಗೋಡೆಯ ಮೇಲಿದ್ದ ಕಾಲುಬಾಯಿ ರೋಗದ ಚಿತ್ರಕ್ಕೆ ಬಡಿದು, ಶಿದ್ರಾಮಪ್ಪನ ಕಾಲ ಹತ್ತಿರ ಬಂದು ತಿರುಗುತ್ತ ನಿಂತಿತು. ಅವನು ಹೆದರಲಿಲ್ಲ. ಬದಲಾಗಿ ನನ್ನ ಬಳಿ ಬಂದು, ಮೊಟ್ಟಮೊದಲ ಬಾರಿ ದನಿ ತಗ್ಗಿಸಿ, “ಪರಮಾನಂದ ಅವರ, ಯೂರಿಯಾದಾಗ ಇರೂದೂ ಇದ ಅಲ್ಲೇನ್ರಿ? ನನ್ನ ಕಬ್ಬ ಹಳದಿ ಬಿದ್ದೈತಿ. ಸಾಲಿಗೆ ಒಂದೊಂದ ಸೀಟಿ ಹೊಡದ ಕೊಡ್ತೀರೇನು?” ಎಂದ.

“ನೋಡೂಣು,” ಎಂದೆ. ದೊಡ್ಡವರು ಹಾಗೆಯೇ ಅನ್ನುತ್ತಾರೆ.

ಕಲ್ಮೇಶ, “ಹಿಂದಿಂದೂ ತುಂಬೈತಿ, ಅಂಗಡ್ಯಾಗ ಒಂದ ಸಲ ಅಳತಿ ನೋಡಿ ಬಿಡ್ತೇನಿ,” ಎಂದು ಬೈಕು ತಳ್ಳಿಕೊಂಡು ಹೋದ. ಅಜಯ ನನ್ನ ಕಾಲು ಮುಟ್ಟಿದ. ಮಂದಿ ನನ್ನ ಹೆಗಲ ಮೇಲೆ ಕೈ ಹಾಕಿ ಚಹಾದ ಅಂಗಡಿಗೆ ಎಳೆಯುತ್ತಿದ್ದರು. ನಾನು ಕುಕ್ಕರು, ಡಬ್ಬಿ, ಮುಚ್ಚಳ ಎಲ್ಲವನ್ನೂ ಚೀಲಕ್ಕೆ ತುಂಬಿ, ಬಾಗಿಲಿಗೆ ಕೀಲಿ ಹಾಕಿ, ಅವರ ಜೊತೆ ನಡೆದೆ. ಆ ಹೊತ್ತಿಗೆ ಯಾರಾದರೂ ನನ್ನ ಹೆಸರು ಕೇಳಿದ್ದರೂ ನಾನು ಸ್ವಲ್ಪ ಯೋಚನೆ ಮಾಡಿ ಹೇಳುತ್ತಿದ್ದೆನೇನೋ, ಬಿರಡಿ ಎಲ್ಲಿಂದ ನೆನಪಾಗಬೇಕು!

ಭಾನುವಾರ ಬನಹಟ್ಟಿಯ ಹೊಲದಲ್ಲಿ ಮಂದಿ ಇರುವೆಯ ಹಾಗೆ ಮುತ್ತಿದ್ದರು. ನಲವತ್ತು ಬೈಕು, ಮೂರು ಸುತ್ತು, ಕಣ್ಣು ಬಿಡಲಾರದಷ್ಟು ಧೂಳು. ಅಜಯ ಎರಡನೆಯವನಾಗಿ ಬಂದ. ಹೋದ ವರ್ಷ ಅವನು ಮೂವತ್ತೊಂದನೆಯವನು. ನಡುವೆ ಒಂದು ವರ್ಷ ಅವನು ದಿನಾ ಬೆಳಿಗ್ಗೆ ಎದ್ದು ಓಡಿಸಿ ಕಲಿತಿದ್ದ. ಆದರೆ ಆ ಮಾತು ಯಾರಿಗೆ ಬೇಕಾಗಿತ್ತು? ಶಿದ್ರಾಮಪ್ಪ ನಮ್ಮ ಜೊತೆಯೇ ಬಂದಿದ್ದ. ಅವನು ವೇದಿಕೆಯ ಕೆಳಗೆ ನಿಂತು ಶರ್ಯತ್ತು ನಡೆಸುವ ಸಂಘದ ಅಧ್ಯಕ್ಷರಿಗೆ ನನ್ನನ್ನು ತೋರಿಸಿ, “ಟೈರಿಗೆ ನೈಟ್ರೋಜನ್ ಹಾಕಿದ ತಜ್ಞರು ಇವರ ನೋಡ್ರಿ” ಎಂದುಬಿಟ್ಟ.

ಅಧ್ಯಕ್ಷರು ನನ್ನನ್ನು ಮೇಲೆ ಕರೆದರು. ಶಾಲು ಹೊದಿಸಿ, ತಲೆಗೆ ಕೇಸರಿ ರುಮಾಲು ಸುತ್ತಿ, ಕೈಗೆ ಮೈಕು ಕೊಟ್ಟರು. ನನಗೆ ಮೈಕು ಸಿಕ್ಕಿದ್ದು ಜನ್ಮದಲ್ಲಿ ಅದೊಂದೇ ಸಲ.

“ಬಂಧುಗಳೇ, ಹವಾ ಅನ್ನೋದು ಹಳೇ ಕಾಲದ ಪದ್ಧತಿ,” ಎಂದು ಶುರು ಮಾಡಿದೆ. “ನೈಟ್ರೋಜನ್ ಅನ್ನೋದು ಭಾಳ ಸೂಕ್ಷ್ಮ ವಸ್ತು. ಅದರ ಸಂಗಾಟ ಇರಬೇಕಂದ್ರ ಮನಷ್ಯಾಗ ಎಚ್ಚರ ಬೇಕು, ಶಿಸ್ತು ಬೇಕು…”

ಕಿಸೆಯಲ್ಲಿ ಫೋನು ಬಡಿದುಕೊಂಡಿತು. ಬಂದ್ ಮಾಡಲು ಹೋಗಿ ಎಲ್ಲೋ ಒತ್ತಿದೆ. ಪ್ರತಿಮಾಳ ದನಿ ದೊಡ್ಡದಾಗಿ ಬಂತು, ಮೈಕು ಅದನ್ನು ಇಡೀ ಬನಹಟ್ಟಿಗೆ ಮುಟ್ಟಿಸಿತು.

“ರೀ! ಎಲ್ಲಿ ಹೋಗಿ ಸತ್ತೀರಿ? ನನ್ನ ಕುಕ್ಕರಿನ ರಬ್ಬರ್ ಚೂರು ಚೂರು ಆಗೈತಿ! ಒಳಗಿನ ಡಬ್ಬ್ಯಾಗ ಗೇಣುದ್ದದ ಬೆಂಡಿನ ಬಿರಡಿ ಬ್ಯಾರೆ ಐತಿ! ಏನ್ರೀ ಇದು?”

“ಬಿರಡಿ… ಅದು ಮನ್ಯಾಗ ಐತೇನು?” ಎಂದೆ. ಮೈಕು ಇನ್ನೂ ಬಾಯಿಯ ಹತ್ತಿರವೇ ಇತ್ತು.

“ಮನ್ಯಾಗ ಐತಿ. ಬಚ್ಚಲದ ಕಿಂಡಿಗೆ ಬಡದೇನಿ. ಜಿರಳಿ ಬರ್ತಿದ್ವು, ಈಗ ಬಂದ್ ಆದ್ವು. ನೀವು ಮನಿಗೆ ಬರ್ರಿ, ನಿಮಗೂ ಒಂದ ಬಿರಡಿ ಹಾಕತೇನಿ!”

ಹೊಲದ ತುಂಬ ಮಂದಿ ಬಿದ್ದು ಬಿದ್ದು ನಕ್ಕರು. ಅಧ್ಯಕ್ಷರು ಗಂಭೀರವಾಗಿ, “ಅದೂ ರೇಸಿನ ಸಾಮಾನೇನ್ರಿ?” ಎಂದು ಕೇಳಿದರು. ನಾನು ಮೈಕನ್ನು ಅವರ ತೊಡೆಯ ಮೇಲೆ ಹಾಕಿ ವೇದಿಕೆಯಿಂದ ಹಾರಿದೆ.

ಜಮಖಂಡಿಯ ಬಸ್ಸಿನಲ್ಲಿ ರುಮಾಲು ಶಾಲು ಸಮೇತ ಜೋತುಬಿದ್ದು ನಿಂತಿದ್ದೆ. ಕಂಡಕ್ಟರು, “ಬೀಗರ, ಹೆಣ್ಣು ಒಪ್ಪಲಿಲ್ಲೇನ್ರಿ?” ಎಂದ. ಅಲ್ಲಿಂದ ಸಾವಳಗಿಯ ಬಸ್ಸು ಹಿಡಿದು ಊರಿಗೆ ಬಂದು, ಬಚ್ಚಲದಿಂದ ಬಿರಡಿ ಕಿತ್ತುಕೊಂಡು, ಪ್ರತಿಮಾ ಬೈಯುತ್ತಿರುವಾಗಲೇ ದವಾಖಾನೆಗೆ ಓಡಿದೆ. ಕ್ಯಾನಿನ ಬಾಯಿಂದ ಹೊಗೆ ಬರಲಿಲ್ಲ. ಅಳತೆಕೋಲು ಬಿಟ್ಟು ತೆಗೆದೆ. ಹೇಗೆ ಹೋಗಿತ್ತೋ ಹಾಗೇ ಬಂತು. ಹಿಮದ ಒಂದು ಚುಕ್ಕೆ ಇರಲಿಲ್ಲ. ರತ್ನಿಗೆಂದು ಇಟ್ಟಿದ್ದ ಕಡ್ಡಿ, ಬೇರೆಯವರ ಎಮ್ಮೆಗಳಿಗೆಂದು ಇಟ್ಟಿದ್ದ ಕಡ್ಡಿ, ಎಲ್ಲವೂ ಬೆಚ್ಚಗೆ ಕೂತಿದ್ದವು.

ಆಗ ನಾನು ಮಾಡಿದ್ದನ್ನು ಬರೆಯಲು ಇವತ್ತಿಗೂ ನಾಚಿಕೆಯಾಗುತ್ತದೆ. ಬಿರಡಿ ತೊಳೆದೆ, ಒರೆಸಿದೆ, ಕ್ಯಾನಿನ ಬಾಯಿಗೆ ನೆಟ್ಟಗೆ ಕೂಡಿಸಿದೆ, ಕೀಲಿ ಹಾಕಿ ಮನೆಗೆ ಹೋದೆ. ಮೇಡಮ್ಮಿಗೆ ಒಂದು ಫೋನು ಮಾಡಬಹುದಾಗಿತ್ತು. ಮಾಡಲಿಲ್ಲ.

ಸೋಮವಾರ ನಸುಕಿನಲ್ಲೇ ರತ್ನಿ ಓಣಿ ತುಂಬ ಒದರುತ್ತಿತ್ತು. ನಾನು ಚಾದರವನ್ನು ಕಿವಿಯ ಮೇಲೆ ಎಳೆದುಕೊಂಡೆ. ದವಾಖಾನೆ ತೆಗೆಯುವ ಹೊತ್ತಿಗೆ ಶಂಕ್ರೆವ್ವ ಎಮ್ಮೆಯ ಮೈ ತೊಳೆದು, ಹಣೆಗೆ ಕುಂಕುಮ ಹಚ್ಚಿ, ಹಗ್ಗ ಹಿಡಿದು ಬಾಗಿಲಲ್ಲಿ ನಿಂತಿದ್ದಳು. “ಬೆದಿಗೆ ಬಂದೈತೋ ತಮ್ಮಾ! ಮುಂಜಾನೆ ಐದಕ್ಕ ಶುರುವಾತು. ಹನುಮಪ್ಪಗ ಕಾಯಿ ಬೇಡಕೊಂಡ ಬಂದೇನಿ,” ಎಂದಳು. ಅವಳ ಮುಖದಲ್ಲಿದ್ದ ಖುಷಿ ನೋಡಲಾಗದೆ ನಾನು ಕಸಬರಿಗೆ ಹುಡುಕುತ್ತ ಒಳಗೆ ಹೋದೆ.

ಮೇಡಮ್ಮು ಬಂದು ಬಿರಡಿ ತೆಗೆದರು. ಒಳಗೆ ನೋಡಿದರು. ನನ್ನನ್ನು ನೋಡಿದರು. ಮತ್ತೆ ಒಳಗೆ ನೋಡಿದರು. “ಪರಮಾನಂದ, ಶುಕ್ರವಾರ ಎಷ್ಟ ಇತ್ತು?”

“ಅರ್ಧದ ಕೆಳಗ ಇತ್ರಿ.”

“ಅದು ಇನ್ನೂ ಒಂದ ವಾರ ಬರಬೇಕಲ್ಲ?”

ನಾನು ಉತ್ತರ ಕೊಡುವ ಮೊದಲೇ ಹೊರಗೆ ಜೀಪು ನಿಂತಿತು. ಹೊಸ ನೈಟ್ರೋಜನ್ ಮತ್ತು ಹೊಸ ಕಡ್ಡಿಗಳ ಜೊತೆಗೆ ಈ ಸಲ ನಮ್ಮ ಇಲಾಖೆಯ ಜಮಖಂಡಿಯ ಸಾಹೇಬರೂ ಬಂದಿದ್ದರು. ಒಣ ಕ್ಯಾನು ನೋಡಿ ಅವರು ಮೂಗಿನ ತುದಿಗೆ ಕನ್ನಡಕ ಇಳಿಸಿದರು.

“ಮೇಡಮ್ಮಾರ, ಇದು ನಿಮ್ಮ ಜವಾಬ್ದಾರಿ ಅಲ್ಲೇನು?”

“ಹೌದ್ರಿ ಸರ್. ನಂದ ಜವಾಬ್ದಾರಿ,” ಎಂದರು ಮೇಡಮ್ಮು. ನಾನು ಪಕ್ಕದಲ್ಲೇ ನಿಂತಿದ್ದೆ.

“ಕಾರಣ ಎರಡ ಇರತಾವ,” ಎಂದರು ಸಾಹೇಬರು. “ಯಾರರೆ ತಪ್ಪು ಮಾಡಿದ್ರ ಬರದ ಕೊಡಬೇಕು. ಕ್ಯಾನ್ ಛಲೋ ಐತಿ ಅಂತ ತಿಳದು ಈಗ ತುಂಬಿಸಿ, ಹೊಸಾ ಕಡ್ಡಿ ಇಳಸತೇನಿ. ಯಾರದೂ ತಪ್ಪಿಲ್ಲಂದ್ರ ಕ್ಯಾನ್ ಸೋರತೈತಿ ಅಂತ ಅರ್ಥ. ಇದನ್ನ ರಿಪೇರಿಗೆ ಒಯ್ಯತೇನಿ. ಹದಿನೈದ ದಿನ ಇಲ್ಲಿ ಕಡ್ಡಿ ಇಲ್ಲ.”

ಅಷ್ಟರಲ್ಲಿ ಊರಿಗೆ ಊರೇ ದವಾಖಾನೆಯ ಅಂಗಳದಲ್ಲಿತ್ತು. ತಪ್ಪು ಮಾಡಿದವರು ಬರೆದುಕೊಡಬೇಕೆಂಬ ಮಾತು ಕೇಳಿ ಅವರಿಗೆ ತಿಳಿದದ್ದು ಒಂದೇ: ಪರಮ್ಯಾನ ನೌಕರಿಗೆ ಕುತ್ತು ಬಂದಿದೆ. ಹದಿನೈದು ದಿನದ ಮಾತು ಯಾರ ಕಿವಿಗೂ ಬಿದ್ದಂತೆ ಕಾಣಲಿಲ್ಲ. ಶಿದ್ರಾಮಪ್ಪ ಮುಂದೆ ಬಂದ.

“ಸಾಹೇಬರ, ಆ ಕ್ಯಾನ್ ಮೊದಲಿಂದ ಸೋರತೈತ್ರಿ. ನಾ ಸಣ್ಣಾಂವ ಇದ್ದಾಗಿಂದ ನೋಡೇನಿ.”

“ಕ್ಯಾನ್ ಬಂದು ನಾಕ ವರ್ಷ ಆಗೈತಿ,” ಎಂದರು ಸಾಹೇಬರು. “ಅದಿರಲಿ. ಶನಿವಾರ ಇಲ್ಲಿ ಕುಕ್ಕರ್ ಸೀಟಿ ಹೊಡೀತಂತ? ದಾರ್ಯಾಗ ಒಬ್ಬಾಂವ ಹೇಳಿದ.”

“ಹನುಮಪ್ಪಗ ಕಡ್ಲಿ ಉಸಳಿ ಮಾಡಾಕತ್ತಿದ್ವಿರಿ. ಶನಿವಾರ ಅಲ್ಲೇನ್ರಿ?”

“ದನದ ದವಾಖಾನ್ಯಾಗ?”

“ಗುಡ್ಯಾಗ ಗ್ಯಾಸ್ ತೀರಿತ್ರಿ.”

“ಇಲ್ಲೂ ಗ್ಯಾಸ್ ಇಲ್ಲಲ್ಲ. ಒಲಿನೂ ಇಲ್ಲ.”

“ಅದಕ್ಕ ಬೇಯಲಿಲ್ಲರೀ,” ಎಂದ ಶಿದ್ರಾಮಪ್ಪ, ಒಂದಿಷ್ಟೂ ಅಳುಕದೆ. “ಹಸೇ ಕಡ್ಲಿನ ಎಲ್ಲಾರಿಗೂ ಹಂಚಿದಿವಿ.” ಹಿಂದೆ ನಿಂತವರು ಹೌದು ಹೌದು ಎಂದರು. ಒಬ್ಬ ಹೊಟ್ಟೆ ಹಿಡಿದುಕೊಂಡು ಇನ್ನೂ ನೋಯುತ್ತಿದೆ ಎಂದ. ಅಜಯ ಬೆಳಿಗ್ಗೆಯೇ ಫೋನ್ ಮಾಡಿ, ತನ್ನ ಮೊಬೈಲಿನ ಫೋಟೊ, ವಿಡಿಯೊ ಎಲ್ಲ ಅಳಿಸಿದ್ದೇನೆ, ಮಾಮಾ ಹೆದರಬಾರದು ಎಂದಿದ್ದ.

ಕಲ್ಮೇಶ ಮೆಲ್ಲಗೆ ಬಂದು ನನ್ನ ಕಿವಿಯಲ್ಲಿ ಹೇಳಿದ: “ಲೇ, ಬಾಯಿ ಬಿಡಬ್ಯಾಡ. ಖರೆ ಹೇಳಬೇಕಂದ್ರ ನಿನ್ನ ನೈಟ್ರೋಜನ್ ಆ ಟೈರಿನ್ಯಾಗ ಇರಲಾ ಇಲ್ಲ. ನಳಿಗಿ ಬಿಚ್ಚೂದ್ರಾಗ ಮುಂದಿಂದು ಪುಸ್ ಅಂತ ಹೋತು. ಹಿಂದಿನದಕ್ಕ ಹೋಗೇ ಇರಲಿಲ್ಲ. ಮಂದಿ ಮುಂದ ನಿನ್ನ ಮಾನ ಹೋಗಬಾರದಂತ ಅಂಗಡ್ಯಾಗ ಎರಡಕ್ಕೂ ಕಂಪ್ರೆಸರ್ ಹವಾ ಹೊಡದೆ.”

ಅಂದರೆ ಅಷ್ಟೂ ಕಡ್ಡಿಗಳು ಸತ್ತದ್ದು ಯಾವುದಕ್ಕೂ ಅಲ್ಲ.

ಸಾಹೇಬರು ಶಂಕ್ರೆವ್ವನ ಕಡೆ ತಿರುಗಿದರು. “ಏನಮ್ಮಾ, ನಿನ್ನ ಎಮ್ಮಿ ಬೆದಿಗೆ ಬಂದೈತೇನು? ಇವತ್ತ ಕಡ್ಡಿ ಬೇಕಾಗಿತ್ತೇನು? ಹಂಗಿದ್ರ ಇಲ್ಲಿ ಏನಾಗೈತಿ ಅಂತ ನಿನಗ ಗೊತ್ತಿದ್ದದ್ದ ಹೇಳು.”

ಶಂಕ್ರೆವ್ವ ಸಾಹೇಬರನ್ನು ನೋಡಿದಳು. ಮಂದಿಯನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ನಾನು ನೆಲ ನೋಡಿದೆ.

“ಇಲ್ಲರೀ ಸಾಹೇಬರ,” ಎಂದಳು. “ನನ್ನ ಎಮ್ಮಿ ಬೆದಿಗೇನೂ ಬಂದಿಲ್ಲ. ಸುಮ್ನ ಅಡ್ಡಾಡಸಾಕ ತಂದೇನಿ.”

ರತ್ನಿ ಆಗಲೇ ಕುತ್ತಿಗೆ ಚಾಚಿ, ಜೀಪಿನ ಗಾಜು ಅದುರುವ ಹಾಗೆ ಒದರಿತು.

“ಮತ್ತ ಇದೇನು?” ಎಂದರು ಸಾಹೇಬರು.

“ಅದಕ್ಕ ಜೀಪ್ ಕಂಡ್ರ ಆಗೂದಿಲ್ಲರಿ,” ಎಂದು ಶಂಕ್ರೆವ್ವ ಹಗ್ಗ ಎಳೆದಳು. ಎಮ್ಮೆ ಬರಲೊಲ್ಲದು. ದವಾಖಾನೆಯ ಬಾಗಿಲ ಕಡೆಗೇ ಮುಖ ಮಾಡಿ ನಿಂತಿತು. ಅವಳು ಅದರ ಕುತ್ತಿಗೆ ಸವರಿ, “ನಡಿಯವ್ವಾ, ನಡಿ,” ಎನ್ನುತ್ತ ಹಗ್ಗವನ್ನು ಹೆಗಲಿಗೆ ಹಾಕಿ ಎಳೆದುಕೊಂಡು ಹೊರಟಳು. ಸಾಹೇಬರು ಪೆನ್ನು ತೆಗೆದು ‘ಕ್ಯಾನು ಸೋರುತ್ತಿದೆ’ ಎಂದು ಬರೆಯತೊಡಗಿದರು. ಅಂಗಳದ ಮಂದಿಯೆಲ್ಲ ನನ್ನ ಕಡೆ ನೋಡಿ, ಉಳಿದೆ ಎಂದು ಕಣ್ಣು ಹೊಡೆಯುತ್ತಿದ್ದರು. ಅವಳು ಗೇಟಿನ ಹತ್ತಿರ ಹೋಗಿದ್ದಳು.

“ಸಾಹೇಬರ, ಕ್ಯಾನ್ ಸೋರೂದಿಲ್ಲರಿ!” ಎಂದು ಒದರಿದೆ. ನನ್ನ ದನಿ ರತ್ನಿಯ ದನಿಗಿಂತ ಕೆಟ್ಟದಾಗಿತ್ತು. “ನಾ ಮಾಡೇನಿ. ಬೈಕಿಗೆ ಹಾಕಾಕ ಕುಕ್ಕರಿಗೆ ಬಗ್ಗಿಸೇನಿ, ಬಿರಡಿ ಮನಿಗೆ ಒಯ್ದೇನಿ, ನನ್ನ ಹೆಂಡತಿ ಬಚ್ಚಲಕ್ಕ ಬಡದಾಳ, ನಿನ್ನೆ ತಿಳದ್ರೂ ಸುಮ್ನ ಕುಂತೇನಿ. ಮೇಡಮ್ಮಾರದು ತಪ್ಪಿಲ್ಲ. ಆ ಎಮ್ಮಿ ಬೆದಿಗೆ ಬಂದೈತ್ರಿ. ಆಕಿ ನನ್ನ ಸಲುವಾಗಿ ಸುಳ್ಳು ಹೇಳಾಕತ್ತಾಳ.”

ಅಂಗಳದಲ್ಲಿ ಗುಜುಗುಜು ಎದ್ದಿತು. ತಾನು ಅಷ್ಟು ಕಷ್ಟಪಟ್ಟು ಹಂಚಿದ ಹಸೇ ಕಡಲೆ ನೀರಲ್ಲಿ ಹೋಯಿತೆಂದು ಶಿದ್ರಾಮಪ್ಪ ಹಣೆ ಬಡಿದುಕೊಂಡ. ಹೊಟ್ಟೆ ಹಿಡಿದುಕೊಂಡವನು ಕೈ ತೆಗೆದ. ಸಾಹೇಬರು ಬರೆಯುವುದು ನಿಲ್ಲಿಸಿ ಪೆನ್ನು ಮುಚ್ಚಿದರು.

“ಬೈಕಿಗೆ ನೈಟ್ರೋಜನ್,” ಎಂದರು. “ಲೇ ಪುಣ್ಯಾತ್ಮಾ, ನೀ ಉಸಿರಾಡೂ ಹವಾದಾಗ ನೂರಕ್ಕ ಎಪ್ಪತ್ತೆಂಟು ಪಾಲು ಇರೂದು ಅದ. ಪುಕ್ಕಟೆ ಸಿಗತಿತ್ತಲ್ಲೋ!”

ಕಲ್ಮೇಶನ ಮುಖ ಅರಳಿತು. “ಅಂದ್ರ ನಾ ಹಾಕಿದ್ದೂ ನೈಟ್ರೋಜನ್ನ!” ಎಂದ. ಮೇಡಮ್ಮು ಅವನನ್ನು ನೋಡಿದ ನೋಟಕ್ಕೆ ಅವನು ಜೀಪಿನ ಹಿಂದೆ ಸರಿದ.

ನಾನು ಎರಡು ಪುಟ ತಪ್ಪೊಪ್ಪಿಗೆ ಬರೆದೆ. ಸಾಹೇಬರು ಓದಿ, “ಕುಕ್ಕರ್ ಎಷ್ಟ ಲೀಟರಿಂದು? ಅದನ್ನೂ ನಮೂದ ಮಾಡು,” ಎಂದರು. ಐದು ಲೀಟರಿನದು ಎಂದು ಸೇರಿಸಿ ಸಹಿ ಹಾಕಿದೆ. ನನ್ನ ಮೇಲೆ ಏನು ಕ್ರಮ ಆಗುತ್ತದೆಂದು ಆಮೇಲೆ ತಿಳಿಸುವುದಾಗಿ ಹೇಳಿ, ಕ್ಯಾನು ತುಂಬಿಸಿ, ಹೊಸ ಕಡ್ಡಿ ಇಳಿಸಿ ಅವರು ಹೋದರು. ಮೇಡಮ್ಮು ಕೈಗವಸು ಹಾಕಿಕೊಂಡರು. ಶಂಕ್ರೆವ್ವನನ್ನು ಕರೆತರಲು ನಾನೇ ಓಡಿದೆ. ಹೊತ್ತು ಮೀರಿರಲಿಲ್ಲ, ರತ್ನಿಗೆ ಕಡ್ಡಿ ಹಾಕಿದ್ದಾಯಿತು. ನಿಂತಿತೋ ಇಲ್ಲವೋ ತಿಳಿಯಲು ಇನ್ನೂ ದಿನ ಹೋಗಬೇಕು.

ಮಂದಿ ಚದುರಿದ ಮೇಲೆ ಶಂಕ್ರೆವ್ವ ಬೇವಿನ ಗಿಡದ ಕೆಳಗೆ ಎಮ್ಮೆಯನ್ನು ನಿಲ್ಲಿಸಿಕೊಂಡು ದಣಿವಾರಿಸಿಕೊಳ್ಳುತ್ತಿದ್ದಳು. ನಾನು ಹೋಗಿ ಅವಳ ಮುಂದೆ ನಿಂತೆ.

“ಯವ್ವಾ, ತಪ್ಪಾತು. ಗೊತ್ತಿದ್ದೂ ನೀ ಯಾಕ ಹಂಗ ಅಂದಿ? ಎಮ್ಮಿ ಸಂತಿಗೆ ಹೋಗತಿತ್ತಲ್ಲ?”

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ಸಿಟ್ಟಾಗಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ಅವಳಿಗೆ ಸಿಟ್ಟೇ ಬಂದಿರಲಿಲ್ಲ.

“ಶನಿವಾರ ನಾನೂ ದವಾಖಾನಿ ಕಿಡಕ್ಯಾಗ ನಿಂತ ನೋಡಾಕತ್ತಿದ್ನೋ ತಮ್ಮಾ,” ಎಂದಳು. “ಮಂದಿ ಎಲ್ಲಾ ನಿನ್ನ ಹೊಗಳಾಕತ್ತಿದ್ರು. ನಮ್ಮ ಓಣಿ ಹುಡುಗ ಏನೋ ದೊಡ್ಡ ಕೆಲಸ ಮಾಡ್ಯಾನ ಅಂತ ನನಗೂ ಭಾಳ ಖುಷಿ ಆತು. ನಾನೂ ಚಪ್ಪಾಳಿ ಹೊಡದ್ನಿ.”